ಪಕ್ಕದ ಮೇಜಿನ ಪದವಿ

2020ರ ನವೆಂಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಬ್ಬ ಜವಾನನ ನೌಕರಿಯ ಬಗ್ಗೆ ತೀರ್ಪು ಕೊಟ್ಟಿತು. ಒಡಿಶಾದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ಜವಾನರ ಹುದ್ದೆಗೆ ಅರ್ಜಿ ಕರೆದಿತ್ತು. ಅಭ್ಯರ್ಥಿ ಹನ್ನೆರಡನೇ ತರಗತಿ ಪಾಸಾಗಿರಬೇಕು, ಆದರೆ ಪದವೀಧರನಾಗಿರಕೂಡದು ಎಂಬುದು ಷರತ್ತು. ಕೆಲಸ ಸಿಕ್ಕಿದವನು 2014ರಲ್ಲೇ ಡಿಗ್ರಿ ಮುಗಿಸಿದ್ದ. ಅರ್ಜಿಯಲ್ಲಿ ಮಾತ್ರ ಅದನ್ನು ಬರೆದಿರಲಿಲ್ಲ. ವಿಷಯ ಬ್ಯಾಂಕಿಗೆ ಗೊತ್ತಾಯಿತು, ನೌಕರಿಗೆ ಸಂಚಕಾರ ಬಂತು. ಹೈಕೋರ್ಟು ಅವನ ಪರವಾಗಿ ಹೇಳಿತು. ಸುಪ್ರೀಂ ಕೋರ್ಟು ಬ್ಯಾಂಕಿನ ಪರ ನಿಂತಿತು. ಹೆಚ್ಚು ಓದಿದ್ದಕ್ಕಾಗಿ ಮಾತ್ರವಲ್ಲ, ಓದಿದ್ದನ್ನು ಮುಚ್ಚಿಟ್ಟದ್ದಕ್ಕಾಗಿಯೂ ಅವನು ಕೆಲಸ ಕಳೆದುಕೊಂಡ.

ಓದಿದ್ದನ್ನು ಅಡಗಿಸಿದವರ ಕಥೆ ಅಪರೂಪ. ಓದದೇ ಇದ್ದುದನ್ನು ಓದಿದೆನೆಂದು ಹೇಳಿಕೊಂಡವರ ಕಥೆ ಮಾತ್ರ ಪ್ರತಿ ಕಚೇರಿಯಲ್ಲೂ ಒಂದಾದರೂ ಓಡಾಡುತ್ತಿರುತ್ತದೆ. ಅದು ನಿಜವೋ ಸುಳ್ಳೋ, ಆ ಮಾತು ಬೇರೆ. ಇವತ್ತಿನ ಮಾತುಕತೆಯ ನಾಯಕ ಸುಳ್ಳು ಹೇಳಿದಾತನೂ ಅಲ್ಲ. ಆತನ ಪಕ್ಕದ ಮೇಜಿನಲ್ಲಿ ಕೂತು, "ಈ ಮಹಾರಾಯರು ನಿಜವಾಗಿಯೂ ಎಂ.ಕಾಂ. ಮಾಡಿದ್ದಾರೆಯೇ?" ಎಂದು ತಲೆ ಕೆರೆದುಕೊಳ್ಳುವ ಸಹೋದ್ಯೋಗಿಯ ಬಗ್ಗೆ ಈ ಮಾತು.

ಅನುಮಾನ ಹುಟ್ಟುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಹೊಸದಾಗಿ ಬಂದವರು ಸವಕಳಿ ಎಂದರೇನು ಎಂದು ಮೆಲ್ಲಗೆ ಪಕ್ಕದವರನ್ನು ಕೇಳುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷದ ಅನುಭವ ಎಂದು ಸೇರಿದವರು ಮೊದಲ ವಾರವೇ ತಡವರಿಸುತ್ತಾರೆ. ಯಾವ ಕಾಲೇಜು, ಯಾವ ಬ್ಯಾಚು ಎಂದರೆ ಮಾತು ತಿರುಗಿಸುತ್ತಾರೆ. ಒಂದು ದಿನ ಮೈಸೂರು ಎಂದವರು ಇನ್ನೊಂದು ದಿನ ಮಂಗಳೂರು ಎನ್ನುತ್ತಾರೆ. ಕೇಳಿಸಿಕೊಂಡವರ ಮನಸ್ಸಿನಲ್ಲಿ ಒಂದು ಮುಳ್ಳು ಕೂರುತ್ತದೆ. ಆಮೇಲೆ ಆ ವ್ಯಕ್ತಿ ಏನು ಮಾಡಿದರೂ, ಇ-ಮೇಲಿನಲ್ಲಿ ಒಂದು ಕಾಗುಣಿತ ತಪ್ಪಿದರೂ, ಅದು ಹಳೆಯ ಅನುಮಾನಕ್ಕೆ ಪುರಾವೆಯಾಗುತ್ತ ಹೋಗುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ತೊಂದರೆ ಏನೆಂದರೆ, ಇಂಥ ಗುರುತುಗಳನ್ನು ನಂಬಿದವರು ಮತ್ತೆ ಮತ್ತೆ ಮೋಸಹೋಗಿದ್ದಾರೆ. ಅದೂ ಎರಡೂ ಕಡೆಗೆ.

ಅಮೆರಿಕದ ಎಂ.ಐ.ಟಿ. ಎಂಬ ಜಗತ್ಪ್ರಸಿದ್ಧ ತಂತ್ರಜ್ಞಾನ ಸಂಸ್ಥೆಯಲ್ಲಿ ಮ್ಯಾರಿಲೀ ಜೋನ್ಸ್ ಎಂಬವರು 1979ರಲ್ಲಿ ಪ್ರವೇಶ ವಿಭಾಗಕ್ಕೆ ಸೇರಿದರು. 1997ರಲ್ಲಿ ಆ ವಿಭಾಗದ ಡೀನ್ ಆದರು. ಯಾರಿಗೆ ಸೀಟು, ಯಾರಿಗಿಲ್ಲ ಎಂದು ತೀರ್ಮಾನಿಸುವ ಕುರ್ಚಿ ಅದು. ಕೆಲಸದಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು, ಪ್ರಶಸ್ತಿಗಳೂ ಬಂದಿದ್ದವು. ಕಾಲೇಜು ಪ್ರವೇಶದ ಒತ್ತಡದಿಂದ ಮಕ್ಕಳನ್ನು ಕಾಪಾಡುವುದು ಹೇಗೆಂದು ಪುಸ್ತಕವನ್ನೂ ಬರೆದಿದ್ದರು. 2007ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಸೇರುವಾಗ ಹೇಳಿಕೊಂಡಿದ್ದ ಮೂರು ಸಂಸ್ಥೆಗಳ ಪದವಿಗಳಲ್ಲಿ ಒಂದೂ ಅವರಿಗೆ ಇರಲಿಲ್ಲ. ಇಪ್ಪತ್ತೆಂಟು ವರ್ಷ ಅಕ್ಕಪಕ್ಕದಲ್ಲಿ ಕೂತ ಬುದ್ಧಿವಂತರ ಕಣ್ಣಿಗೆ ಬೀಳದ ಸಂಗತಿ, ಹೊರಗಿನಿಂದ ಬಂದ ಒಂದು ಸುಳಿವಿನಿಂದ ಬಯಲಾಯಿತು. 1979ರಲ್ಲಿ ಅವರು ಸೇರಿದ ಮೊದಲ ಹುದ್ದೆಗೆ ಬಹುಶಃ ಪದವಿಯೇ ಬೇಕಿರಲಿಲ್ಲ ಎಂದು ಸಂಸ್ಥೆಯವರೇ ಆಮೇಲೆ ಹೇಳಿದರು. ಬೇಡದ ಸುಳ್ಳೊಂದು ಕಡತದೊಳಗೆ ಕೂತು, ಬಡ್ತಿಯ ಪ್ರತಿ ಮೆಟ್ಟಿಲಲ್ಲೂ ಬೆಳೆಯುತ್ತ ಬಂದಿತ್ತು.

ಇನ್ನೊಂದು ಕಡೆಗೆ, ನಮ್ಮ ಮೈಸೂರಿನ ಕಥೆ ಇದೆ. 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಯುಜಿಸಿ ಮಾನ್ಯತೆ ಮುಂದುವರಿಯಲಿಲ್ಲ. ರಾಜ್ಯದ ಗಡಿ ದಾಟಿ ಎಲ್ಲೆಲ್ಲೋ ಕೇಂದ್ರಗಳನ್ನು ನಡೆಸಿದ್ದು ಅದಕ್ಕೆ ಕಾರಣ. 2015ರಲ್ಲಿ ಯುಜಿಸಿ ಇದನ್ನು ಸಾರ್ವಜನಿಕ ಪ್ರಕಟಣೆಯಾಗಿ ಹೊರಡಿಸಿದ ಮೇಲೆ, ಹಗಲು ದುಡಿದು ರಾತ್ರಿ ಓದಿ ಪಾಸಾಗಿದ್ದ ಗುಮಾಸ್ತರು, ಶಿಕ್ಷಕಿಯರು, ಪೊಲೀಸ್ ಪೇದೆಗಳು ಕಚೇರಿಗಳಲ್ಲಿ ತಲೆತಗ್ಗಿಸಿ ಓಡಾಡುವಂತಾಯಿತು. ಮಾನ್ಯತೆ ಇದ್ದ ವರ್ಷಗಳಲ್ಲಿ ಪದವಿ ಪಡೆದವರನ್ನೂ "ಓಹೋ, ಓಪನ್ ಯೂನಿವರ್ಸಿಟಿಯೇ" ಎಂದು ಕೊಂಕು ನುಡಿದವರಿದ್ದರು. 2018ರಲ್ಲಿ ಮಾನ್ಯತೆ ಮರಳಿ ಸಿಕ್ಕಿತು. ಆದರೆ ನಡುವಿನ ವರ್ಷಗಳಲ್ಲಿ ದಾಖಲಾದವರ ಪಾಡು ಪಾಡಾಗಿಯೇ ಉಳಿಯಿತು. ಅವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪುಸ್ತಕ ಓದಿದ್ದರು, ಪರೀಕ್ಷೆ ಬರೆದಿದ್ದರು, ಶುಲ್ಕ ಕಟ್ಟಿದ್ದರು.

ಪಕ್ಕದ ಮೇಜಿನ ಅನುಮಾನ ಸಾಮಾನ್ಯವಾಗಿ ಯಾರ ಕಡೆಗೆ ಹರಿಯುತ್ತದೆ ಎಂದು ಗಮನಿಸಬೇಕು. ಇಂಗ್ಲಿಷ್ ತಡವರಿಸುವವರ ಕಡೆಗೆ. ಸಣ್ಣ ಊರಿನ ಕಾಲೇಜಿನಿಂದ ಬಂದವರ ಕಡೆಗೆ. ಅಂಚೆ ತೆರಪಿನ ಶಿಕ್ಷಣದಲ್ಲಿ ಓದಿದವರ ಕಡೆಗೆ. ಮೀಸಲಾತಿಯಲ್ಲಿ ಬಂದವರ ಕಡೆಗೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ನಿಜವಾದ ನಕಲಿಗಳು ಈ ಚಹರೆಗೆ ಹೊಂದುವುದೇ ಇಲ್ಲ. ಅವರು ಚೆನ್ನಾಗಿ ಮಾತಾಡುತ್ತಾರೆ, ಮಾತಾಡುವುದೇ ಅವರ ಬಂಡವಾಳ. ಇಂಗ್ಲೆಂಡಿನಲ್ಲಿ ಜೀನ್ ಮಾರಿಸನ್ ಎಂಬಾತ ವಿಧಿವಿಜ್ಞಾನ ತಜ್ಞನೆಂದು ಹೇಳಿಕೊಂಡು ಇಪ್ಪತ್ತಾರು ವರ್ಷ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿದ. ನ್ಯಾಯಾಧೀಶರು ಕೇಳಿದರು, ವಕೀಲರು ಪಾಟೀಸವಾಲು ಮಾಡಿದರು, ಪೊಲೀಸರು ಟಿಪ್ಪಣಿ ಬರೆದುಕೊಂಡರು. 2007ರಲ್ಲಿ ಅವನಿಗೆ ಐದು ವರ್ಷ ಜೈಲಾಯಿತು. ಅವನ ಪದವಿಗಳು ಬಂದದ್ದು ರಾಚ್‌ವಿಲ್ ಯೂನಿವರ್ಸಿಟಿ ಎಂಬ ಜಾಲತಾಣದಿಂದ, ದುಡ್ಡು ಕೊಟ್ಟು.

ಈ ರಾಚ್‌ವಿಲ್ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. 2009ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಪಗ್ ನಾಯಿಗೆ ಅದೇ ವಿಶ್ವವಿದ್ಯಾಲಯ ಎಂ.ಬಿ.ಎ. ಪದವಿ ಕೊಟ್ಟಿತು. ಪದವಿ ಅಂಗಡಿಗಳನ್ನು ಬಯಲಿಗೆಳೆಯಲು ಹೊರಟವರು ನಾಯಿಯ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ನಾಯಿಯ ಜೀವನಾನುಭವವನ್ನು ಪರಿಗಣಿಸಿ ಪದವಿ ಪತ್ರ ಟಪಾಲಿನಲ್ಲಿ ಬಂತು. ಇಂಥ ಕಾಗದದ ವಿಶ್ವವಿದ್ಯಾಲಯಗಳ ದೊಡ್ಡ ಕಾರ್ಖಾನೆಯೊಂದು ಕರಾಚಿಯಲ್ಲಿ ಇದೆ ಎಂದು 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಿವರವಾಗಿ ಬರೆಯಿತು. ಕಂಪನಿಯ ಹೆಸರು ಆಕ್ಸಾಕ್ಟ್. ನೂರಾರು ಜಾಲತಾಣಗಳು, ನಗುನಗುವ ಪ್ರಾಧ್ಯಾಪಕರ ಫೋಟೊಗಳು, ರಾತ್ರಿಯಿಡೀ ಫೋನಿನಲ್ಲಿ ಕೂತ ಮಾರಾಟಗಾರರು. 2013 ಮತ್ತು 2014ರಲ್ಲಿ ಬ್ರಿಟನ್ನಿನ ಗಿರಾಕಿಗಳೇ ಇದರಿಂದ 3,000ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಕೊಂಡಿದ್ದರೆಂದು ಬಿಬಿಸಿ 2018ರಲ್ಲಿ ಹೊರಹಾಕಿತು.

ನಮ್ಮಲ್ಲಿ ಹೊರದೇಶಕ್ಕೆ ಹೋಗಬೇಕಾಗಿಲ್ಲ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರಿನ ಮುಂದೆ ವರ್ಷಗಟ್ಟಲೆ ನಿಂತಿದ್ದದ್ದು ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸ: ಬಡಗಾಣ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ. ಇಂಥವರಿಗೆ ದಂಡ ಎಷ್ಟು? 1956ರ ಯುಜಿಸಿ ಕಾಯ್ದೆಯ 24ನೇ ಕಲಮಿನ ಪ್ರಕಾರ ಹೆಚ್ಚೆಂದರೆ 1,000 ರೂಪಾಯಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇರಬಹುದು. ಈಗ ಬೆಂಗಳೂರಿನಲ್ಲಿ ನಾಲ್ಕು ಜನ ಹೋಟೆಲಿನಲ್ಲಿ ಊಟ ಮಾಡಿದರೆ ಅದು ಸಾಲದು. ಮಾನ್ಯತೆ ಇದ್ದ ಸಂಸ್ಥೆಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಿಮಾಚಲದ ಸೋಲನ್‌ನಲ್ಲಿರುವ ಮಾನವ ಭಾರತಿ ವಿಶ್ವವಿದ್ಯಾಲಯ ಕಾನೂನುಬದ್ಧವಾಗಿಯೇ ಸ್ಥಾಪನೆಯಾದ ಖಾಸಗಿ ಸಂಸ್ಥೆ. ಅದು ಹಂಚಿದ 41,000 ಪದವಿಗಳ ಪೈಕಿ 36,000 ನಕಲಿ ಎಂದು ತನಿಖಾ ತಂಡ ಹೇಳಿತು. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದು ನೋಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇನ್ನು ಅನುಭವದ ಪತ್ರಗಳ ಮಾತು. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಕಂಪನಿ ಭಾರತದಲ್ಲಿ ಹಲವರನ್ನು ಕೆಲಸದಿಂದ ತೆಗೆಯಿತು. ಇಲ್ಲದ ಕಂಪನಿಗಳ ಲೆಟರ್‌ಹೆಡ್ಡಿನಲ್ಲಿ ಮಾಡಿದ ಎಕ್ಸ್‌ಪೀರಿಯೆನ್ಸ್ ಲೆಟರುಗಳನ್ನು ಅವರು ತಂದಿದ್ದರು.

ಹಾಗಾದರೆ ಪಕ್ಕದ ಮೇಜಿನವರು ಅನುಮಾನ ಪಡುವುದೇ ಸರಿಯೇ? ಇದಕ್ಕೆ ಉತ್ತರ ಹುಡುಕುವುದಾದರೆ ದಕ್ಷಿಣ ಕೊರಿಯಾಕ್ಕೆ ಹೋಗಬೇಕು. ಮೂರೇ ವರ್ಷಗಳ ಅಂತರದಲ್ಲಿ ಆ ದೇಶ ಈ ಪ್ರಶ್ನೆಯ ಎರಡು ತುದಿಗಳನ್ನೂ ಕಂಡಿದೆ.

ಸೋಲ್ ನಗರದ ದೊಂಗ್ಗುಕ್ ವಿಶ್ವವಿದ್ಯಾಲಯ ಬೌದ್ಧರು ಸ್ಥಾಪಿಸಿದ ಹಳೆಯ ಸಂಸ್ಥೆ. 2005ರಲ್ಲಿ ಶಿನ್ ಜಿಯೊಂಗ್-ಆ ಎಂಬ ಯುವತಿಯನ್ನು ಅದು ಕಲಾ ಇತಿಹಾಸದ ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಿಸಿಕೊಂಡಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪಿಎಚ್.ಡಿ. ಎಂದು ಆಕೆ ಹೇಳಿಕೊಂಡಿದ್ದಳು. ದೊಂಗ್ಗುಕ್ ಕಣ್ಣುಮುಚ್ಚಿ ನಂಬಲಿಲ್ಲ. ಪ್ರಮಾಣಪತ್ರದ ಪ್ರತಿಯನ್ನು ಯೇಲ್‌ಗೆ ಕಳಿಸಿ ಇದು ನಿಮ್ಮದೇ ಎಂದು ಕೇಳಿತು. ಯೇಲ್‌ನಿಂದ ಫ್ಯಾಕ್ಸ್ ಬಂತು: ಹೌದು, ನಮ್ಮದೇ.

ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದ ಒಬ್ಬ ಬೌದ್ಧ ಭಿಕ್ಷುವಿಗೆ ಮಾತ್ರ ಸಮಾಧಾನವಾಗಲಿಲ್ಲ. 2007ರ ಆರಂಭದಲ್ಲಿ ಅವರು ಪದವಿಯ ಬಗ್ಗೆ ಪ್ರಶ್ನೆ ಎತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಮಂಡಳಿಯಿಂದ ಹೊರಬಿದ್ದವರು ಆ ಭಿಕ್ಷುವೇ. ಆ ಬೇಸಿಗೆಯಲ್ಲಿ ಶಿನ್ ಪ್ರಸಿದ್ಧ ಗ್ವಾಂಗ್ಜು ಕಲಾ ಮಹಾಪ್ರದರ್ಶನದ ಸಹನಿರ್ದೇಶಕಿಯಾಗಿ ಆಯ್ಕೆಯಾದಳು. ಆಗ ಪತ್ರಿಕೆಗಳ ಬೆಳಕು ಬಿತ್ತು. ಯೇಲ್ ಪದವಿ ಇರಲಿಲ್ಲ. ಅದಕ್ಕೂ ಮೊದಲು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಓದಿದ್ದು ನಿಜ, ಪದವಿ ಮುಗಿಸಿರಲಿಲ್ಲ. ತನ್ನದೆಂದು ತೋರಿಸಿದ ಮಹಾಪ್ರಬಂಧ 1981ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಬೇರೊಬ್ಬರು ಸಲ್ಲಿಸಿದ್ದಾಗಿತ್ತು. ರಾಷ್ಟ್ರಾಧ್ಯಕ್ಷರ ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ಆಕೆಗೆ ಬೆಂಬಲ ಕೊಟ್ಟಿದ್ದರೆಂಬ ಆರೋಪ ಹೊತ್ತು ರಾಜೀನಾಮೆ ಕೊಟ್ಟರು. 2008ರಲ್ಲಿ ಶಿನ್‌ಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು.

ಆ ಫ್ಯಾಕ್ಸ್ ಏನಾಯಿತು? ಅದೂ ನಕಲಿ ಎಂದು ಯೇಲ್ ಮೊದಲು ಹೇಳಿತು. ತಿಂಗಳುಗಳ ಮೇಲೆ, ಫ್ಯಾಕ್ಸ್ ತನ್ನ ಕಚೇರಿಯಿಂದಲೇ ಹೋಗಿತ್ತು, ದಾಖಲೆ ಸರಿಯಾಗಿ ನೋಡದೆ ಹೌದೆಂದು ಬರೆದುಬಿಟ್ಟಿದ್ದೆವು ಎಂದು ಒಪ್ಪಿಕೊಂಡಿತು. ದೊಂಗ್ಗುಕ್ 5 ಕೋಟಿ ಡಾಲರ್ ಪರಿಹಾರ ಕೇಳಿ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ದಾವೆ ವಜಾ ಆಯಿತು. ಸುಳ್ಳು ಹೇಳಿದ್ದು ಒಬ್ಬಳು. ಆದರೆ ಅದು ಎರಡು ವರ್ಷ ಬಾಳಿದ್ದು ಎಷ್ಟೋ ದೂರದ ಕಚೇರಿಯಲ್ಲಿ ಯಾರೋ ಕಪಾಟು ತೆರೆಯದೆ ಸಹಿ ಹಾಕಿದ್ದರಿಂದ.

ಈ ಪ್ರಕರಣ ಕೊರಿಯಾವನ್ನು ಅಲುಗಾಡಿಸಿತು. ಚಿತ್ರನಟರು, ಪ್ರವಚನಕಾರರು, ಪ್ರಾಧ್ಯಾಪಕರು ಒಬ್ಬೊಬ್ಬರಾಗಿ ಮುಂದೆ ಬಂದು, ತಾವು ಹೇಳಿಕೊಂಡ ಪದವಿ ತಮಗಿಲ್ಲ ಎಂದು ಒಪ್ಪಿಕೊಂಡರು. ದೇಶಕ್ಕೆ ದೇಶವೇ ಅಂಕಪಟ್ಟಿ ಹಿಡಿದು ನಿಂತಂತಾಯಿತು. ಆ ಮನಃಸ್ಥಿತಿಯಲ್ಲಿ 2010 ಬಂತು.

ಟ್ಯಾಬ್ಲೊ ಎಂಬ ಹೆಸರಿನ ರ‍್ಯಾಪ್ ಗಾಯಕ, ಎಪಿಕ್ ಹೈ ತಂಡದ ಮುಖ್ಯ ಕವಿ, ತಾನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಬಿ.ಎ. ಮತ್ತು ಎಂ.ಎ. ಎರಡನ್ನೂ ಮೂರೂವರೆ ವರ್ಷದಲ್ಲಿ ಮುಗಿಸಿದ್ದಾಗಿ ಹೇಳಿದ್ದ. ಮೂರೂವರೆ ವರ್ಷದಲ್ಲಿ ಎರಡು ಪದವಿಯೇ? ಅಂತರಜಾಲದಲ್ಲಿ ಒಬ್ಬ ಕೇಳಿದ, ಹತ್ತು ಜನ ಹೌದೆಂದರು. ಟ್ಯಾಬ್ಲೊನಿಂದ ಸತ್ಯ ಕೇಳುತ್ತೇವೆ ಎಂಬ ಹೆಸರಿನ ಗುಂಪು ಸುಮಾರು ಎರಡು ಲಕ್ಷ ಸದಸ್ಯರವರೆಗೆ ಬೆಳೆಯಿತು. ಆತ ಅಂಕಪಟ್ಟಿ ತೋರಿಸಿದ, ನಕಲಿ ಎಂದರು. ವಿಶ್ವವಿದ್ಯಾಲಯ ಪತ್ರ ಬರೆಯಿತು; ಅದೇ ಹೆಸರಿನ ಬೇರೊಬ್ಬನ ಪದವಿ ಕದ್ದಿದ್ದಾನೆ ಎಂದರು. ಕೊನೆಗೆ ಕೊರಿಯಾದ ಎಂಬಿಸಿ ದೂರದರ್ಶನದವರು ಆತನನ್ನು ಸ್ಟ್ಯಾನ್‌ಫರ್ಡ್‌ಗೇ ಕರೆದುಕೊಂಡು ಹೋದರು. ದಾಖಲೆ ವಿಭಾಗದ ಮುಖ್ಯಸ್ಥರು ಕ್ಯಾಮೆರಾದ ಎದುರು ಅಂಕಪಟ್ಟಿ ಮುದ್ರಿಸಿ ಕೊಟ್ಟರು. ಕಾರ್ಯಕ್ರಮವೇ ನಾಟಕ ಎಂದರು ಗುಂಪಿನವರು. 2010ರ ಅಕ್ಟೋಬರ್‌ನಲ್ಲಿ ಪೊಲೀಸರು ತನಿಖೆ ಮುಗಿಸಿ, ಪದವಿ ಅಪ್ಪಟ ಎಂದು ಪ್ರಕಟಿಸಿದರು. ಗುಂಪಿನ ಕೆಲವರಿಗೆ ಮುಂದೆ ಜೈಲುಶಿಕ್ಷೆಯೂ ಆಯಿತು. ಅಷ್ಟರಲ್ಲಿ ಆತ ತನ್ನ ಸಂಗೀತ ಕಂಪನಿಯಿಂದ ಹೊರಬಿದ್ದಿದ್ದ. ಆತನ ಮನೆಯವರನ್ನೂ ಈ ಗುಂಪು ಬಿಟ್ಟಿರಲಿಲ್ಲ.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಕಡೆ ಒಬ್ಬರೇ ಭಿಕ್ಷು. ಅವರ ಅನುಮಾನ ನಿಜವಾಗಿತ್ತು. ಇನ್ನೊಂದು ಕಡೆ ಎರಡು ಲಕ್ಷ ಜನ. ಅವರ ಅನುಮಾನ ಸುಳ್ಳಾಗಿತ್ತು. ಅನುಮಾನಿಸುವವರ ಸಂಖ್ಯೆಗೂ ಸತ್ಯಕ್ಕೂ ಸಂಬಂಧವಿಲ್ಲ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು ಬೇರೆ. ಭಿಕ್ಷು ಕೇಳಿದ್ದು ಮಂಡಳಿಯ ಮುಂದೆ, ಉತ್ತರ ತರಿಸುವ ಅಧಿಕಾರ ಇದ್ದವರ ಎದುರು. ಗುಂಪು ಕೇಳಿದ್ದು ಬೀದಿಯಲ್ಲಿ. ಉತ್ತರ ಬಂದಾಗ ಅದನ್ನು ಒಪ್ಪಿಕೊಳ್ಳುವ ಇರಾದೆಯೇ ಅವರಿಗಿರಲಿಲ್ಲ. ಯಾವ ಕಾಗದ ತಂದರೂ ಕರಗದ ಅನುಮಾನಕ್ಕೆ ಬೇರೆ ಹೆಸರು ಹುಡುಕಬೇಕು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಹಿರಿಯರು ಹೇಳಿದ್ದು ಈ ಕೊನೆಯ ಪಂಗಡಕ್ಕೂ ಅನ್ವಯಿಸುತ್ತದೆ.

ಅನುಮಾನ ಪಡುವವರ ಉದ್ದೇಶ ಶುದ್ಧವಾಗಿರಬೇಕೇ? ಇರಬೇಕೆಂದು ಅನ್ನಿಸುತ್ತದೆ, ಆದರೆ ಲೋಕ ಹಾಗೆ ನಡೆಯುವುದಿಲ್ಲ. ಬಹಳಷ್ಟು ಅನುಮಾನಗಳು ಹುಟ್ಟುವುದು ಸೀನಿಯಾರಿಟಿ ಪಟ್ಟಿ ಹೊರಬಿದ್ದ ಮರುದಿನ. 2012ರಲ್ಲಿ ಯಾಹೂ ಕಂಪನಿಯ ಮುಖ್ಯಸ್ಥರಾಗಿ ಬಂದ ಸ್ಕಾಟ್ ಥಾಮ್ಸನ್ ಅವರ ಪರಿಚಯ ಪತ್ರದಲ್ಲಿ ಲೆಕ್ಕಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದ ಪದವಿ ಎಂದಿತ್ತು. ಕಂಪನಿಯ ಷೇರುದಾರ, ಆಡಳಿತ ಮಂಡಳಿಯಲ್ಲಿ ಸ್ಥಾನಕ್ಕಾಗಿ ಜಗಳಕ್ಕೆ ನಿಂತಿದ್ದ ಡೇನಿಯಲ್ ಲೋಬ್ ಕಾಲೇಜನ್ನೇ ವಿಚಾರಿಸಿದರು. ಥಾಮ್ಸನ್ ಪಾಸಾದ 1979ರಲ್ಲಿ ಆ ಕಾಲೇಜು ಕಂಪ್ಯೂಟರ್ ವಿಜ್ಞಾನದ ಪದವಿಯನ್ನೇ ಕೊಡುತ್ತಿರಲಿಲ್ಲ. ಲೆಕ್ಕಶಾಸ್ತ್ರದ ಪದವಿ ಮಾತ್ರ ನಿಜ. ಮುಖ್ಯಸ್ಥರಾಗಿ ನಾಲ್ಕೇ ತಿಂಗಳಲ್ಲಿ ಥಾಮ್ಸನ್ ಹೊರನಡೆದರು. ಲೋಬ್‌ಗೆ ಸತ್ಯದ ಮೇಲೆ ಪ್ರೀತಿ ಉಕ್ಕಿ ಬಂದಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ಅವರು ತಂದದ್ದು ಒಂದು ಇಸವಿ, ಒಂದು ಕಾಲೇಜಿನ ದಾಖಲೆ. ಹೊಟ್ಟೆಕಿಚ್ಚಿನವನು ತಂದರೂ ದಾಖಲೆ ದಾಖಲೆಯೇ.

ಕೆಲವು ವೃತ್ತಿಗಳಲ್ಲಿ ಕೆಲಸವೇ ಬಾಯಿಬಿಡುತ್ತದೆ. 2011ರ ಜನವರಿಯಲ್ಲಿ ಗೋವಾದಲ್ಲಿ ಒಂದು ಖಾಸಗಿ ಸಂಸ್ಥೆಯ ವಿಮಾನ ಇಳಿದಾಗ ಹಿಂದಿನ ಚಕ್ರಗಳಿಗಿಂತ ಮೊದಲು ಮೂತಿಯ ಚಕ್ರ ನೆಲ ಮುಟ್ಟಿತು. ವಿಮಾನಯಾನ ನಿರ್ದೇಶನಾಲಯದವರು ಹಳೆಯ ದಾಖಲೆ ತೆಗೆದರೆ, ಅದೇ ಪೈಲಟ್ ಹಿಂದೆಯೂ ಹೀಗೆ ಇಳಿಸಿದ್ದು ಕಂಡಿತು. ಮುಂದೆ ಹೋಗಿ ಲೈಸೆನ್ಸಿನ ಕಡತ ನೋಡಿದರೆ ಪರೀಕ್ಷೆಯ ಅಂಕಪಟ್ಟಿಯೇ ನಕಲಿ ಎಂದು ಅವರು ಹೇಳಿದರು. ಬಂಧನವಾಯಿತು, ದೇಶದ ಸಾವಿರಾರು ಪೈಲಟ್‌ಗಳ ಕಡತಗಳು ಹೊರಬಂದವು. ಇಲ್ಲಿ ಅನುಮಾನ ನಡೆದ ದಾರಿ ಚೆನ್ನಾಗಿದೆ: ಮೊದಲು ಘಟನೆ, ಆಮೇಲೆ ದಾಖಲೆ, ಕೊನೆಗೆ ಹೆಸರು.

ಇದೇ ದಾರಿಯನ್ನು ಹಿಂದುಮುಂದಾಗಿ ನಡೆದರೆ ಏನಾಗುತ್ತದೆ ಎಂದು ಪಾಕಿಸ್ತಾನ ತೋರಿಸಿತು. 2020ರ ಮೇ ತಿಂಗಳಲ್ಲಿ ಕರಾಚಿಯಲ್ಲಿ ವಿಮಾನ ದುರಂತ ನಡೆಯಿತು. ಜೂನ್‌ನಲ್ಲಿ ಅಲ್ಲಿನ ವಿಮಾನಯಾನ ಸಚಿವರು ಸಂಸತ್ತಿನಲ್ಲಿ ನಿಂತು, ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಲೈಸೆನ್ಸು ಅನುಮಾನಾಸ್ಪದ ಎಂದುಬಿಟ್ಟರು. ಪರಿಶೀಲನೆ ಮುಗಿದಿರಲಿಲ್ಲ, ಪಟ್ಟಿಯಲ್ಲಿ ತಪ್ಪುಗಳಿದ್ದವು. ಜುಲೈ 1ರಿಂದ ಯುರೋಪು ಪಾಕಿಸ್ತಾನದ ರಾಷ್ಟ್ರೀಯ ವಿಮಾನ ಸಂಸ್ಥೆಗೆ ಬಾಗಿಲು ಹಾಕಿತು. ಬೇರೆ ಬೇರೆ ದೇಶಗಳು ತಮ್ಮಲ್ಲಿ ದುಡಿಯುತ್ತಿದ್ದ ಪಾಕಿಸ್ತಾನಿ ಪೈಲಟ್‌ಗಳನ್ನು ಕೆಳಗಿಳಿಸಿದವು. ಆಮೇಲೆ ಪರಿಶೀಲಿಸಿದಾಗ ಪಟ್ಟಿಯ ಬಹುಪಾಲು ಜನ ನಿರ್ದೋಷಿಗಳಾಗಿ ಹೊರಬಂದರು. ಯುರೋಪಿನ ನಿಷೇಧ ತೆರವಾದದ್ದು 2024ರ ನವೆಂಬರ್‌ನಲ್ಲಿ.

ಅನುಮಾನದ ಸಂಗತಿ ಎತ್ತಿದ ಕೂಡಲೇ ಕಚೇರಿಯಲ್ಲಿ ಒಬ್ಬರಾದರೂ ಹೇಳುವ ಮಾತೊಂದಿದೆ: "ಕೆಲಸ ಚೆನ್ನಾಗಿ ಮಾಡ್ತಾರಲ್ಲ, ಡಿಗ್ರಿ ಕಟ್ಟಿಕೊಂಡು ಏನಾಗಬೇಕು ಬಿಡಿ." ಈ ಮಾತಿಗೆ ತೂಕವಿಲ್ಲವೆಂದಲ್ಲ. 1951ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಕೆನಡಾದ ಕೆಯೂಗಾ ಎಂಬ ಯುದ್ಧನೌಕೆಯಲ್ಲಿ ವೈದ್ಯನಾಗಿದ್ದ ಫರ್ಡಿನಾಂಡ್ ಡಮಾರಾ ವೈದ್ಯನೇ ಅಲ್ಲ. ಪರಿಚಯದ ಡಾಕ್ಟರೊಬ್ಬರ ಹೆಸರು, ಪದವಿ ಎರಡನ್ನೂ ಹೊದ್ದುಕೊಂಡು ಬಂದಿದ್ದ. ಪಠ್ಯಪುಸ್ತಕ ತಿರುವಿಹಾಕಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ. ಅವರು ಬದುಕಿಕೊಂಡರು, ಪತ್ರಿಕೆಯಲ್ಲಿ ಹೊಗಳಿಕೆ ಬಂತು, ನಿಜವಾದ ಡಾಕ್ಟರ ತಾಯಿ ಅದನ್ನು ಓದಿದರು. ಅಲ್ಲಿಗೆ ಗುಟ್ಟು ರಟ್ಟು. ನೌಕಾಪಡೆ ಮೊಕದ್ದಮೆಯನ್ನೂ ಹಾಕದೆ ಕಳಿಸಿಕೊಟ್ಟಿತು. ಇದನ್ನು ಕೇಳಿದರೆ ನಗು ಬರುತ್ತದೆ. ಆದರೆ ಜೋಲಿಯಾ ಅಲೆಮಿ ಪ್ರಕರಣ ಕೇಳಿದರೆ ನಗು ಬರುವುದಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವೈದ್ಯ ಪದವಿ ಎಂದು ನಕಲಿ ಪತ್ರ ತೋರಿಸಿ, 1995ರಲ್ಲಿ ಬ್ರಿಟನ್ನಿನ ವೈದ್ಯ ಮಂಡಳಿಯಲ್ಲಿ ಆಕೆ ನೋಂದಣಿ ಮಾಡಿಸಿಕೊಂಡಳು. ಸುಮಾರು ಎರಡು ದಶಕ ಮನೋವೈದ್ಯೆಯಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದಳು. 2018ರಲ್ಲಿ ಶಿಕ್ಷೆಗೆ ಗುರಿಯಾದದ್ದು ಪದವಿಗಾಗಿ ಅಲ್ಲ, ಒಬ್ಬ ವೃದ್ಧ ರೋಗಿಯ ಉಯಿಲನ್ನು ತಿದ್ದಿದ್ದಕ್ಕಾಗಿ. ಆ ಮೊಕದ್ದಮೆ ಮುಗಿದ ಮೇಲೆ ಸ್ಥಳೀಯ ಪತ್ರಿಕೆಯ ವರದಿಗಾರರೊಬ್ಬರು ನ್ಯೂಜಿಲೆಂಡಿಗೆ ಬರೆದು ಕೇಳಿದರು. ಪದವಿ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಏಳು ವರ್ಷ ಶಿಕ್ಷೆಯಾಯಿತು. ಅದೇ ದಾರಿಯಲ್ಲಿ ನೋಂದಣಿಯಾಗಿದ್ದ ಸುಮಾರು 3,000 ವೈದ್ಯರ ದಾಖಲೆಗಳನ್ನು ಮಂಡಳಿ ಮತ್ತೆ ತೆಗೆದು ನೋಡಬೇಕಾಯಿತು. ಎರಡು ದಶಕ ಯಾರೂ ಬರೆಯದ ಕಾಗದವನ್ನು ಒಬ್ಬ ವರದಿಗಾರ ಬರೆದದ್ದು, ಅಷ್ಟೆ.

ಭಾರತದ ನ್ಯಾಯಾಲಯಗಳು ಈ "ಕೆಲಸ ಚೆನ್ನಾಗಿ ಮಾಡ್ತಾರಲ್ಲ" ಎಂಬ ವಾದವನ್ನು ಒಪ್ಪಿಲ್ಲ. 2004ರಲ್ಲಿ ಕೇರಳದ ಒಬ್ಬ ಪೊಲೀಸ್ ಅಧಿಕಾರಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಸುಳ್ಳು ಜಾತಿ ಪ್ರಮಾಣಪತ್ರದ ಮೇಲೆ ಸೇರಿ ಸುಮಾರು ಇಪ್ಪತ್ತೇಳು ವರ್ಷ ಸೇವೆ ಸಲ್ಲಿಸಿದ್ದರು. ಮೋಸದಿಂದ ಪಡೆದ ನೇಮಕಾತಿ ಕಾನೂನಿನ ಕಣ್ಣಿಗೆ ನೇಮಕಾತಿಯೇ ಅಲ್ಲ, ಅದರ ಮೇಲೆ ನಿಂತ ಪಿಂಚಣಿಯ ಹಕ್ಕೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ಕಟುವಾದ ಮಾತು. ಆದರೆ ಆ ಕುರ್ಚಿಯಲ್ಲಿ ಕೂರಬೇಕಾಗಿದ್ದ ಇನ್ನೊಬ್ಬರು ಎಲ್ಲಿಯೋ ಇದ್ದರು, ಅವರ ಹೆಸರು ಯಾವ ಕಡತದಲ್ಲೂ ಇಲ್ಲ.

ಹಾಗಾದರೆ ಪಕ್ಕದ ಮೇಜಿನವರು ಮಾಡಬೇಕಾದ್ದೇನು? ಇಲ್ಲಿ ಕಾನೂನೇ ಒಂದು ಗೆರೆ ಎಳೆದಿದೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸೆರೆವಾಸದ ಶಿಕ್ಷೆ ಇದೆ. ಜೊತೆಗೆ ಕೆಲವು ವಿನಾಯಿತಿಗಳೂ ಇವೆ. ಅವುಗಳಲ್ಲಿ ಒಂದು ಹೀಗಿದೆ: ವಿಷಯದ ಬಗ್ಗೆ ಕ್ರಮ ಕೈಗೊಳ್ಳುವ ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಆರೋಪ ಸಲ್ಲಿಸಿದರೆ ಅದು ಮಾನಹಾನಿಯಲ್ಲ. ಅದೇ ಮಾತನ್ನು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಹೇಳಿದರೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ, ಆ ರಕ್ಷಣೆ ಇಲ್ಲ. ಎಚ್.ಆರ್. ವಿಭಾಗಕ್ಕೋ, ಸರ್ಕಾರಿ ಕಚೇರಿಯಾದರೆ ನೇಮಕಾತಿ ಪ್ರಾಧಿಕಾರಕ್ಕೋ ಕೊಡುವ ಒಂದು ಪತ್ರ ಸಾಕು. ಅದರಲ್ಲಿ ಕಂಡ ಸಂಗತಿ ಮಾತ್ರ ಇರಬೇಕು: ಇಂಥ ದಿನ ಈ ಕಾಲೇಜು ಎಂದರು, ಇಂಥ ಕಡತದಲ್ಲಿ ಬೇರೆ ಕಾಲೇಜು ಇದೆ. "ಅವರನ್ನು ನೋಡಿದರೆ ಎಂ.ಕಾಂ. ಓದಿದಂತೆ ಕಾಣುವುದಿಲ್ಲ" ಎಂಬುದು ಸಂಗತಿಯಲ್ಲ. ಹೆಸರಿಲ್ಲದ ಮೂಕರ್ಜಿಗಳು ನಮ್ಮ ಕಚೇರಿಗಳಲ್ಲಿ ಕಸದಬುಟ್ಟಿಗೆ ಹೋಗುವುದೇ ಹೆಚ್ಚು, ಅದರಲ್ಲಿ ಕೆಲವು ಹೋಗಬೇಕಾದವೇ.

ತಾವೇ ಪತ್ತೇದಾರಿಗೆ ಇಳಿಯುವ ಆಸೆಯನ್ನು ಅದುಮಬೇಕು. ಕಾಲೇಜಿಗೆ ಫೋನು ಮಾಡಿ ಬ್ಯಾಂಕಿನವರು ಎಂದು ಸುಳ್ಳು ಹೇಳಿ ಕೇಳುವವರು ಮೊದಲ ಸುಳ್ಳನ್ನು ಹಿಡಿಯಲು ಎರಡನೆಯದನ್ನು ಹುಟ್ಟಿಸುತ್ತಾರೆ. ಸಾರ್ವಜನಿಕವಾಗಿ ತೆರೆದಿರುವ ದಾಖಲೆಗಳು ಬೇರೆ. ವೈದ್ಯರ ನೋಂದಣಿ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಚಾರ್ಟರ್ಡ್ ಅಕೌಂಟೆಂಟರು ಸಹಿ ಮಾಡುವ ಪ್ರಮಾಣಪತ್ರಗಳ ಮೇಲೆ 2019ರಿಂದ ಯುಡಿನ್ ಎಂಬ ಸಂಖ್ಯೆ ಕಡ್ಡಾಯ. ಆ ಸಂಖ್ಯೆ ಹಾಕಿದರೆ ಸಹಿ ನಿಜವೋ ಅಲ್ಲವೋ ಗೊತ್ತಾಗುತ್ತದೆ. ವಕೀಲರ ಪದವಿಗಳ ಪರಿಶೀಲನೆ ವರ್ಷಗಟ್ಟಲೆ ಕುಂಟುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿ ರಚಿಸಿ, ವಿಶ್ವವಿದ್ಯಾಲಯಗಳು ಶುಲ್ಕ ಕೇಳದೆ ಪರಿಶೀಲಿಸಿ ಕೊಡಬೇಕೆಂದು ಆದೇಶಿಸಿತು.

ಇಷ್ಟಾದ ಮೇಲೂ ಕಚೇರಿ ಏನು ಮಾಡುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಹೆಚ್ಚಿನ ಕಡೆ ಸೇರುವ ದಿನ ಮೂಲ ಪ್ರಮಾಣಪತ್ರ ತೋರಿಸಿದರೆ, ಗುಮಾಸ್ತರು ಜೆರಾಕ್ಸ್ ಪ್ರತಿಯ ಮೇಲೆ "ಮೂಲದೊಂದಿಗೆ ಹೋಲಿಸಿ ನೋಡಲಾಗಿದೆ" ಎಂದು ಮೊಹರು ಒತ್ತುತ್ತಾರೆ. ನಕಲಿ ಮೂಲವನ್ನು ಅದರ ಜೆರಾಕ್ಸಿನೊಂದಿಗೆ ಹೋಲಿಸಿದರೆ ಎರಡೂ ಒಂದೇ ಇರುತ್ತವೆ! ಆಗಬೇಕಾದದ್ದು ಪ್ರಮಾಣಪತ್ರ ಕೊಟ್ಟವರನ್ನೇ ಕೇಳುವುದು: ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಅಂಕಪಟ್ಟಿಯ ನೈಜತೆ ತಿಳಿಸಿ ಎಂದು ಪತ್ರ. ಅದೂ ಪ್ರಮಾಣಪತ್ರದ ಮೇಲೆ ಅಚ್ಚಾದ ಫೋನ್ ನಂಬರಿಗಲ್ಲ, ಬೇರೆ ಮೂಲದಿಂದ ಹುಡುಕಿದ ವಿಳಾಸಕ್ಕೆ. ನಕಲಿ ಮಾಡುವವರು ನಕಲಿ ನಂಬರನ್ನೂ ಅಚ್ಚು ಹಾಕಿಸಬಲ್ಲರು. 2017ರಲ್ಲಿ ಆರಂಭವಾದ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಿಂದಾಗಿ ಈಚಿನ ವರ್ಷಗಳ ಹಲವು ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಹಳಬರ ಲೆಕ್ಕ ಇನ್ನೂ ಕಾಗದದ ಲೆಡ್ಜರುಗಳಲ್ಲಿದೆ.

ಆ ಲೆಡ್ಜರುಗಳಿಂದ "ನಮ್ಮ ದಾಖಲೆಯಲ್ಲಿ ಈ ಹೆಸರಿಲ್ಲ" ಎಂದು ಉತ್ತರ ಬಂದ ಕೂಡಲೇ ಕಚೇರಿ ಪೊಲೀಸ್ ಠಾಣೆಗೆ ಓಡಬಾರದು. ನಮ್ಮ ಕಡೆ ಹೆಸರಿನ ಪಜೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಎಸ್ಸೆಸ್ಸೆಲ್ಸಿಯಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಮುಂದೆ. ಪಾಸ್‌ಪೋರ್ಟಿಗಾಗಿ ಅವನ್ನು ಬಿಡಿಸಿ ಬರೆದಾಗ ಹಿಂದೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರಿನ ಬಾಲ ಬದಲಾಗುತ್ತದೆ. ಒಂದು ದಾಖಲೆಯಲ್ಲಿ ಲಕ್ಷ್ಮೀದೇವಿ, ಇನ್ನೊಂದರಲ್ಲಿ ಲಕ್ಷ್ಮಿ ಡಿ. ಕಾಲೇಜೇ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾಗಿರುತ್ತದೆ: ಮಂಗಳೂರು ಮತ್ತು ಕುವೆಂಪು ವಿಶ್ವವಿದ್ಯಾಲಯಗಳು 1980ರ ದಶಕದಲ್ಲಿ ಬರುವ ಮೊದಲು ಕರಾವಳಿ, ಮಲೆನಾಡಿನ ಎಷ್ಟೋ ಪದವೀಧರರ ಲೆಕ್ಕ ಮೈಸೂರಿನಲ್ಲಿತ್ತು. ಪತ್ರ ತಪ್ಪು ಊರಿಗೆ ಹೋದರೆ ನಿಜವಾದ ಪದವಿಗೂ ಇಲ್ಲವೆಂಬ ಉತ್ತರವೇ ಬರುತ್ತದೆ. ಅದಕ್ಕೇ ಮುಂದಿನ ಪತ್ರ ಹೋಗಬೇಕಾದದ್ದು ಆ ನೌಕರರಿಗೆ. ನೋಂದಣಿ ಸಂಖ್ಯೆ, ಪರೀಕ್ಷೆಯ ತಿಂಗಳು, ಆಗಿನ ಹೆಸರು ಕೊಡಿ, ಇಷ್ಟು ದಿನದೊಳಗೆ ವಿವರಣೆ ಕೊಡಿ ಎಂಬ ನೋಟಿಸು. ಆ ಸಂಖ್ಯೆ ಹಿಡಿದು ಮತ್ತೊಮ್ಮೆ ಕೇಳಿದರೂ ಇಲ್ಲವೆಂದೇ ಬಂದರೆ, ಆಗ ನಕಲಿ ದಾಖಲೆಯನ್ನು ಅಸಲಿಯೆಂದು ಬಳಸಿದ್ದಕ್ಕೆ ನ್ಯಾಯ ಸಂಹಿತೆಯ 340ನೇ ಕಲಮು ಇದೆ, ಇಲಾಖಾ ವಿಚಾರಣೆ ಇದೆ. ಈ ಎರಡು ಸುತ್ತಿನ ಟಪಾಲಿಗೆ ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳು. ಅಷ್ಟೂ ದಿನ ಆ ಇಬ್ಬರು, ದೂರು ಕೊಟ್ಟವರು ಮತ್ತು ದೂರಿಗೆ ಗುರಿಯಾದವರು, ಒಂದೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ಒಂದೇ ಕಡತವನ್ನು ಕೈಯಿಂದ ಕೈಗೆ ಕೊಡಬೇಕು.